ಮನೆಗೂ ಸಣ್ಣ ವ್ಯವಹಾರಕ್ಕೂ ವಿಡಿಯೋ ಕಾನ್ಫರೆನ್ಸ್ ಸೇವೆ: ಆಯ್ಕೆ ಹೇಗೆ?

2003ರಲ್ಲಿ ಆರಂಭವಾಗಿ, ಪರದೇಶದಲ್ಲಿರುವ ಮಕ್ಕಳ ಮುಖವನ್ನು ಊರಿನಲ್ಲಿರುವ ತಂದೆ-ತಾಯಿಗೆ ತೋರಿಸಲು ಎಷ್ಟೋ ಮನೆಗಳು ನೆಚ್ಚಿಕೊಂಡಿದ್ದ ಸ್ಕೈಪ್ ಸೇವೆಯನ್ನು, ಅದರ ಒಡೆತನ ಹೊಂದಿದ್ದ ಮೈಕ್ರೋಸಾಫ್ಟ್ 2025ರ ಮೇ 5ರಂದು ಮುಚ್ಚಿತು. ಬಳಕೆದಾರರಿಗೆ ಅದೇ ಕಂಪನಿಯ ಟೀಮ್ಸ್‌ಗೆ ಹೋಗುವ ದಾರಿಯನ್ನು ತೋರಿಸಲಾಯಿತು. ಅದನ್ನು ಒಪ್ಪದವರಿಗೂ ಆಯ್ಕೆಗಳಿಗೇನೂ ಕೊರತೆಯಿಲ್ಲ. ಜೂಮ್, ಗೂಗಲ್ ಮೀಟ್, ವಾಟ್ಸಾಪ್, ಫೇಸ್‌ಟೈಮ್, ಜೋಹೋ ಮೀಟಿಂಗ್, ಜಿಟ್ಸಿ ಹೀಗೆ ಹೆಸರುಗಳ ಸಾಲು ಉದ್ದವಿದೆ. ಎಲ್ಲವೂ ಮುಖ ತೋರಿಸುತ್ತವೆ, ದನಿ ಕೇಳಿಸುತ್ತವೆ, ಮೊದಲಿಗೆ ಹಣ ಕೇಳುವುದಿಲ್ಲ.

ಇಂಥ ಸೇವೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಸೌಲಭ್ಯಗಳನ್ನು ಎಣಿಸಿ, ಹೆಚ್ಚು ಸೌಲಭ್ಯ ಇರುವುದನ್ನು ಮೇಲಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ತಲೆಕೆಳಗಾದ ಕ್ರಮ. ಮೀಟಿಂಗ್ ಏರ್ಪಡಿಸುವವರು ಹೇಗೋ ಹೊಂದಿಕೊಳ್ಳುತ್ತಾರೆ. ಕರೆ ಕೆಡುವುದು ಸೇರಿಕೊಳ್ಳಲಾಗದೆ ಲಿಂಕ್ ಹಿಡಿದು ಕುಳಿತಿರುವ ಒಬ್ಬರಿಂದ. ಆದ್ದರಿಂದ, ಕರೆಗೆ ಬರುವವರಲ್ಲಿ ಎಲ್ಲರಿಗಿಂತ ಹೆಚ್ಚು ತೊಡಕಿರುವವರು ಯಾರು ಎಂದು ಮೊದಲು ಗುರುತಿಸಿ, ಅವರಿಗೆ ಯಾವ ಸೇವೆ ಸಲೀಸಾಗುತ್ತದೆಯೋ ಅದರಿಂದ ಹೊರಡಬೇಕು. ಕೆಳಗಿನ ಹೆಜ್ಜೆಗಳನ್ನು ಈ ಕ್ರಮದಲ್ಲೇ ಇಡಲಾಗಿದೆ.

ಹೆಜ್ಜೆ 1: ಯಾರು ಸೇರುತ್ತಾರೆ, ಎಲ್ಲಿಂದ ಸೇರುತ್ತಾರೆ ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ, ನಿಯಮಿತವಾಗಿ ಕರೆಗೆ ಬರುವವರ ಹೆಸರುಗಳನ್ನು ಬರೆದು, ಪ್ರತಿಯೊಬ್ಬರ ಮುಂದೆ ಅವರು ಬಳಸುವ ಸಾಧನ, ಇಂಟರ್ನೆಟ್ ಸಂಪರ್ಕದ ಬಗೆ, ಇರುವ ದೇಶ ಮತ್ತು ಇಮೇಲ್ ಖಾತೆಯನ್ನು ತಾವೇ ನಿರ್ವಹಿಸುತ್ತಾರೋ ಇಲ್ಲವೋ ಎಂಬ ನಾಲ್ಕು ಸಂಗತಿಗಳನ್ನು ನಮೂದಿಸಿ. ಅರ್ಧ ಆಯ್ಕೆ ಈ ಹಾಳೆಯಲ್ಲೇ ಮುಗಿಯುತ್ತದೆ.

ದೇಶ ಎಂಬ ಅಂಕಣವನ್ನು ಹಗುರವಾಗಿ ಕಾಣಬೇಡಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಾಟ್ಸಾಪ್‌ನ ಸಂದೇಶಗಳು ಹೋಗುತ್ತವೆ, ಆದರೆ ಅದರ ಕರೆಗಳಿಗೂ ಫೇಸ್‌ಟೈಮ್ ಕರೆಗಳಿಗೂ ನಿರ್ಬಂಧವಿದೆ. ಕರಾವಳಿಯ ಅನೇಕ ಕುಟುಂಬಗಳ ಸದಸ್ಯರು ದುಬೈ, ಅಬುಧಾಬಿಗಳಲ್ಲಿರುವುದರಿಂದ ಅವರಿಗೆ ಇದು ದಿನನಿತ್ಯದ ಅನುಭವ. ಅಲ್ಲಿ ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳು ಬಳಕೆಯಲ್ಲಿವೆ, ಕಚೇರಿ ಕೆಲಸಕ್ಕೆ ಜೂಮ್ ಮತ್ತು ಟೀಮ್ಸ್ ನಡೆಯುತ್ತವೆ. ಬೇರೆ ದೇಶದಿಂದ ಸಂಪರ್ಕಿಸಿದಂತೆ ತೋರಿಸುವ ವಿಪಿಎನ್ ತಂತ್ರಾಂಶ ಹಾಕಿಕೊಂಡರಾಯಿತು ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ, ನಿರ್ಬಂಧವನ್ನು ತಪ್ಪಿಸಿಕೊಳ್ಳಲು ಅದನ್ನು ಬಳಸಿದರೆ ಅಲ್ಲಿನ ಕಾನೂನಿನಡಿ ದಂಡಕ್ಕೆ ಗುರಿಯಾಗಬೇಕಾದೀತು. ಚೀನಾದ ತಯಾರಕರಿಂದ ಯಂತ್ರದ ಬಿಡಿಭಾಗ ತರಿಸುವ ಪೀಣ್ಯದ ವರ್ಕ್‌ಶಾಪಿನವರ ಸ್ಥಿತಿ ಇನ್ನೂ ಇಕ್ಕಟ್ಟಿನದು: ಗೂಗಲ್ ಮೀಟ್ ಮತ್ತು ವಾಟ್ಸಾಪ್ ಅಲ್ಲಿ ತೆರೆಯುವುದಿಲ್ಲ, ಅಲ್ಲಿಯವರು ಬಳಸುವ ವಿಚಾಟ್ 2020ರ ಜೂನ್‌ನಿಂದ ನಮ್ಮಲ್ಲಿ ನಿಷೇಧಿತ. ಅಂಥ ಕರೆಗಳಿಗೆ ಟೀಮ್ಸ್ ಅನ್ನು ಮೊದಲು ಪ್ರಯತ್ನಿಸುವುದು ಒಳ್ಳೆಯದು.

ಇಮೇಲ್ ಖಾತೆಯ ಅಂಕಣ ಹಿರಿಯರಿಗೆ ಸಂಬಂಧಿಸಿದ್ದು. ಆ್ಯಂಡ್ರಾಯ್ಡ್ ಫೋನ್ ಇರುವವರ ಬಳಿ ಗೂಗಲ್ ಖಾತೆ ಹೇಗೂ ಇರುತ್ತದೆ. ಮಗನೋ ಮೊಮ್ಮಗಳೋ ಮಾಡಿಕೊಟ್ಟದ್ದಾದ್ದರಿಂದ ಪಾಸ್‌ವರ್ಡ್ ಮಾತ್ರ ತಿಳಿದಿರುವುದಿಲ್ಲ. ಹೊಸದಾಗಿ ಲಾಗಿನ್ ಆಗಬೇಕಾದ ಯಾವ ಸೇವೆಯೂ ಅವರಿಗೆ ಗೋಡೆಯೇ. ವಾಟ್ಸಾಪ್ ಮಾತ್ರ ಫೋನ್ ನಂಬರಿನ ಮೇಲೆ ನಡೆಯುವುದರಿಂದಲೂ, ಕರೆ ಬಂದಾಗ ಎಂದಿನಂತೆ ರಿಂಗಾಗುವುದರಿಂದಲೂ ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ. ಲಿಂಕ್ ಒತ್ತಿ, ಅನುಮತಿಗಳನ್ನು ಕೊಟ್ಟು, ಹೆಸರು ಟೈಪ್ ಮಾಡಿ, ಒಳಗೆ ಬಿಡುವವರೆಗೆ ಕಾಯುವುದಕ್ಕೂ ರಿಂಗಾದ ಫೋನನ್ನು ಎತ್ತುವುದಕ್ಕೂ ಎಂಬತ್ತರ ಅಜ್ಜಿಯ ಪಾಲಿಗೆ ಬಹಳ ವ್ಯತ್ಯಾಸವಿದೆ.

ಮನೆಯವರೆಲ್ಲರೂ ಐಫೋನ್ ಬಳಸುವವರಾದರೆ ಫೇಸ್‌ಟೈಮ್ ಸಾಕು. 2021ರಿಂದ ಆ್ಯಂಡ್ರಾಯ್ಡ್ ಮತ್ತು ವಿಂಡೋಸ್ ಬಳಸುವವರೂ ಬ್ರೌಸರ್ ಮೂಲಕ ಲಿಂಕ್ ಹಿಡಿದು ಅದರ ಕರೆಗೆ ಸೇರಬಹುದು, ಆದರೆ ಕರೆಯನ್ನು ಆರಂಭಿಸಲು ಆ್ಯಪಲ್ ಸಾಧನವೇ ಬೇಕು.

ಹೆಜ್ಜೆ 2: ಎಂಥ ಮಾತುಕತೆ ನಡೆಯಬೇಕು ಎಂದು ನಿರ್ಧರಿಸಿ

ಕುಟುಂಬದ ಹರಟೆ, ಗ್ರಾಹಕರಿಗೆ ಸೀರೆ ತೋರಿಸುವುದು, ಲೆಕ್ಕಪರಿಶೋಧಕರು ತಮ್ಮ ಕಕ್ಷಿದಾರರೊಡನೆ ಜಿಎಸ್‌ಟಿ ರಿಟರ್ನ್‌ನ ಪರದೆಯನ್ನು ನೋಡುತ್ತಾ ಮಾತಾಡುವುದು, ಹತ್ತು ಮಕ್ಕಳಿಗೆ ಗಣಿತ ಹೇಳಿಕೊಡುವುದು ಇವೆಲ್ಲ ಬೇರೆಬೇರೆ ಕೆಲಸಗಳು. ಲೆಕ್ಕಪತ್ರದ ಕೆಲಸಕ್ಕೆ ಸ್ಕ್ರೀನ್ ಶೇರ್ ಮಾಡಿದಾಗ ಅಕ್ಷರಗಳು ಸ್ಪಷ್ಟವಾಗಿ ಕಾಣುವುದು ಮುಖ್ಯವಾದರೆ, ಸೀರೆ ವ್ಯಾಪಾರಕ್ಕೆ ಫೋನಿನ ಹಿಂಬದಿ ಕ್ಯಾಮೆರಾವನ್ನು ಸಲೀಸಾಗಿ ತಿರುಗಿಸಿಕೊಳ್ಳುವುದು ಮತ್ತು ಅಂಗಡಿಯ ಬೆಳಕು ಮುಖ್ಯ. ಬಣ್ಣ ಸರಿಯಾಗಿ ಕಾಣದಿರುವುದಕ್ಕೆ ಬಹುಪಾಲು ಕಾರಣ ಟ್ಯೂಬ್‌ಲೈಟೇ ಹೊರತು ಆ್ಯಪ್ ಅಲ್ಲ.

ಸಂಗೀತ ಪಾಠದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಬೆಂಗಳೂರು, ಮೈಸೂರುಗಳಿಂದ ಹೊರದೇಶದ ಮಕ್ಕಳಿಗೆ ಕರ್ನಾಟಕ ಸಂಗೀತ ಕಲಿಸುವವರು ಬಹಳ ಮಂದಿ ಇದ್ದಾರೆ ಮತ್ತು ವಿಡಿಯೋ ಸೇವೆಗಳು ಮಾತಿಗೆಂದೇ ರೂಪಿತವಾಗಿವೆ, ಹಾಡಿಗಲ್ಲ. ಈ ಸೇವೆಗಳ ಗದ್ದಲ ನಿವಾರಣೆಯ ತಂತ್ರವು, ಫ್ಯಾನಿನ ಸದ್ದು, ವಾಹನದ ಮೊರೆತಗಳಂತೆ ಒಂದೇ ಸಮನೆ ಬರುವ ಧ್ವನಿಯನ್ನು ಗುರುತಿಸಿ ತೆಗೆದುಹಾಕುತ್ತದೆ. ತಂಬೂರಿಯ ಶ್ರುತಿಯೂ ಒಂದೇ ಸಮನೆ ಬರುವ ಧ್ವನಿಯೇ. ಹೀಗಾಗಿ ಶಿಕ್ಷಕರ ಕೋಣೆಯಲ್ಲಿ ತುಂಬಿ ಮೊಳಗುತ್ತಿರುವ ಶ್ರುತಿ ಪೆಟ್ಟಿಗೆಯ ನಾದ ಶಿಷ್ಯರ ಕಿವಿಗೆ ಬಂದುಹೋಗುವ ಚೂರುಗಳಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ದೀರ್ಘವಾಗಿ ನಿಲ್ಲಿಸಿದ ಷಡ್ಜವೂ ನಡುನಡುವೆ ಕರಗುತ್ತದೆ. ಜೂಮ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗಾಗಿಯೇ ಇರುವ 'ಒರಿಜಿನಲ್ ಸೌಂಡ್' ಆಯ್ಕೆಯನ್ನು ಚಾಲೂ ಮಾಡಿದರೆ ಈ ಸಂಸ್ಕರಣೆ ನಿಲ್ಲುತ್ತದೆ. ಪ್ರತಿಧ್ವನಿ ನಿವಾರಣೆಯನ್ನೂ ನಿಲ್ಲಿಸಿದರೆ ಇನ್ನೂ ಒಳ್ಳೆಯದು, ಆದರೆ ಆಗ ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು ಮತ್ತು ಅದು ತಂತಿಯದ್ದಾಗಿರಬೇಕು, ಏಕೆಂದರೆ ಬ್ಲೂಟೂತ್ ಹೆಡ್‌ಫೋನಿನ ಮೈಕ್ ಕೆಲಸ ಮಾಡತೊಡಗಿದ ಕೂಡಲೇ ಧ್ವನಿಯ ಗುಣಮಟ್ಟ ಕುಸಿಯುತ್ತದೆ, ವಿಳಂಬವೂ ಕೂಡಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಇಷ್ಟು ಸೂಕ್ಷ್ಮ ನಿಯಂತ್ರಣಗಳಿಲ್ಲ; ಸಂಗೀತ ಪಾಠಕ್ಕೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಯಾವ ಸೇವೆಯೂ ಪರಿಹರಿಸಲಾಗದ ತೊಂದರೆ ವಿಳಂಬದ್ದು. ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗಿನ ವಿಳಂಬ ತೊಂದರೆ ಕೊಡದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಮಿತಿ. ಅಷ್ಟೇ ವಿಳಂಬವಿದ್ದರೂ, ಶಿಕ್ಷಕರ ತಾಳವನ್ನು ಕೇಳಿ ಶಿಷ್ಯ ಹಾಡಿದ ಸ್ವರ ಮರಳಿ ಬರುವಷ್ಟರಲ್ಲಿ 300 ಮಿಲಿಸೆಕೆಂಡ್ ಕಳೆದಿರುತ್ತದೆ. ಒಂದನೆಯ ಕಾಲದಲ್ಲಿ ಸ್ವರಕ್ಕೆ ಒಂದು ಸೆಕೆಂಡಿನಂತೆ ಸರಳೆ ಹಾಡಿಸುವಾಗ ಇದು ಸುಮಾರು ಮೂರನೆಯ ಒಂದು ಪಾಲು, ವೇಗ ಇಮ್ಮಡಿಯಾಗುವ ಎರಡನೆಯ ಕಾಲಕ್ಕೆ ಹೋದರೆ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಇಬ್ಬರೂ ಒಟ್ಟಿಗೆ ಹಾಡುವ ಕ್ರಮವನ್ನು ಬಿಟ್ಟು, ಶಿಷ್ಯರ ಕಡೆ ಬೇರೊಂದು ಫೋನಿನಲ್ಲಿ ಶ್ರುತಿಯನ್ನು ಇಟ್ಟುಕೊಳ್ಳಲು ಹೇಳಿ, ಹೇಳಿಕೊಟ್ಟದ್ದನ್ನು ಮರಳಿ ಹಾಡಿಸುವ ಕ್ರಮಕ್ಕೆ ಪಾಠವನ್ನು ಒಗ್ಗಿಸಿಕೊಳ್ಳಬೇಕು. ಮೃದಂಗ ಮತ್ತು ಚಂಡೆಯ ಪಾಠಕ್ಕೂ ಇದೇ ಮಾತು ಅನ್ವಯಿಸುತ್ತದೆ.

ವೈದ್ಯರಿಗೆ ಸಂಬಂಧಿಸಿದಂತೆ, ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯು ಇಂಥದ್ದೇ ಆ್ಯಪ್ ಬಳಸಬೇಕೆಂದು ಕಟ್ಟುಪಾಡು ಹಾಕಿಲ್ಲ. ಸಮಾಲೋಚನೆಯ ದಾಖಲೆ ಇಡುವ ಹೊಣೆ ಮಾತ್ರ ವೈದ್ಯರದೇ.

ಹೆಜ್ಜೆ 3: ಉಚಿತ ಯೋಜನೆಯ ಗಡಿಯಾರವನ್ನು ನೋಡಿ

ಉಚಿತ ಸೇವೆಗಳ ನಡುವಿನ ನಿಜವಾದ ವ್ಯತ್ಯಾಸ ಕಾಲಮಿತಿಯಲ್ಲಿದೆ. ಕಂಪನಿಗಳು ಈ ಮಿತಿಗಳನ್ನು ಆಗಾಗ ಬದಲಿಸುವುದರಿಂದ, ನಿರ್ಧರಿಸುವ ದಿನ ಅವರವರ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಜೂಮ್‌ನ ಉಚಿತ ಯೋಜನೆಯಲ್ಲಿ 100 ಮಂದಿ ಸೇರಬಹುದು, 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ಇಬ್ಬರೇ ಮಾತಾಡುವಾಗ ಈ ಮಿತಿ ಇಲ್ಲವೆಂಬ ಹಳೆಯ ತಿಳಿವಳಿಕೆ ಇನ್ನೂ ಹಲವರಲ್ಲಿದೆ. 2022ರ ಜುಲೈನಿಂದ ಇಬ್ಬರ ಕರೆಗೂ 40 ನಿಮಿಷವೇ. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ, ಇಬ್ಬರೇ ಇದ್ದರೆ 24 ಗಂಟೆ, ಗರಿಷ್ಠ 100 ಮಂದಿ. ಟೀಮ್ಸ್‌ನ ಉಚಿತ ಯೋಜನೆಯಲ್ಲೂ ಗುಂಪಿಗೆ 60 ನಿಮಿಷ ಮತ್ತು 100 ಮಂದಿ, ಇಬ್ಬರಿಗೆ 30 ಗಂಟೆ. ವಾಟ್ಸಾಪ್ ಮತ್ತು ಫೇಸ್‌ಟೈಮ್‌ಗಳಲ್ಲಿ ಕಾಲಮಿತಿಯಿಲ್ಲ, ಜನರ ಮಿತಿ ಮಾತ್ರ 32.

ಈ ಅಂಕಿಗಳಿಂದ ಕೆಲವು ತೀರ್ಮಾನಗಳು ತಾವಾಗಿಯೇ ಹೊರಡುತ್ತವೆ. ಒಬ್ಬೊಬ್ಬರಿಗೇ ಪಾಠ ಹೇಳುವ ಶಿಕ್ಷಕರು ಮತ್ತು ಒಬ್ಬ ಕಕ್ಷಿದಾರರೊಡನೆ ಮಾತಾಡುವ ವಕೀಲರು ಗೂಗಲ್ ಮೀಟ್‌ನಲ್ಲಿ ಒಂದು ಪೈಸೆಯನ್ನೂ ಖರ್ಚು ಮಾಡಬೇಕಿಲ್ಲ. ಗುಂಪು ಪಾಠವಾದರೆ, 40 ನಿಮಿಷಕ್ಕೆ ಕಡಿದುಹೋಗಿ, ಎಲ್ಲರೂ ಮತ್ತೆ ಅದೇ ಲಿಂಕ್ ಒತ್ತಿ ಒಳಬರುವ ರೂಢಿಯನ್ನು ಮನೆಪಾಠದವರು ಸಹಿಸಿಕೊಂಡಾರು. ಹಣ ಕೊಡುವ ಗ್ರಾಹಕರ ಎದುರು ಅದು ಶೋಭಿಸದು. ಸತ್ಯನಾರಾಯಣ ಪೂಜೆಯನ್ನೋ ನಾಮಕರಣವನ್ನೋ ದೂರದ ನೆಂಟರಿಗೆ ತೋರಿಸುವವರು ಮುಹೂರ್ತದ ಹೊತ್ತಿಗೆ ಗಡಿಯಾರ ಮುಗಿಯದಂತೆ ಲೆಕ್ಕ ಹಾಕಬೇಕು. ಪುರೋಹಿತರು ಕಾಲಮಿತಿಗೆ ಒಳಪಡುವವರಲ್ಲ. 32 ಮಂದಿಗಿಂತ ಹೆಚ್ಚು ಸೇರುವಂತಿದ್ದರೆ, ಆ ಒಂದು ತಿಂಗಳ ಮಟ್ಟಿಗೆ ಹಣ ಕೊಡುವ ಯೋಜನೆಯ ಒಂದು ಲೈಸೆನ್ಸ್ ಕೊಳ್ಳುವುದೇ ಲೇಸು.

ಜಿಟ್ಸಿ ಮುಕ್ತ ತಂತ್ರಾಂಶ. ಅದರ ಸಾರ್ವಜನಿಕ ತಾಣದಲ್ಲಿ ಯಾವ ಖಾತೆಯೂ ಇಲ್ಲದೆ ಮೀಟಿಂಗ್ ತೆರೆಯಬಹುದಿತ್ತು, ಆದರೆ 2023ರ ಆಗಸ್ಟ್‌ನಿಂದ ಮೀಟಿಂಗ್ ಆರಂಭಿಸುವ ಒಬ್ಬರು ಗೂಗಲ್, ಗಿಟ್‌ಹಬ್ ಅಥವಾ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಬೇಕು. ಸೇರುವ ಉಳಿದವರಿಗೆ ಖಾತೆ ಬೇಡ. ಸ್ವಂತ ಸರ್ವರ್ ನೋಡಿಕೊಳ್ಳಬಲ್ಲವರು ಇದ್ದರೆ ಸಂಸ್ಥೆಗಳು ಅದನ್ನು ತಮ್ಮಲ್ಲೇ ಸ್ಥಾಪಿಸಿಕೊಳ್ಳಬಹುದು. ಅಂಥವರು ಇಲ್ಲದ ಕಡೆ ಈ ಸಾಹಸ ಬೇಡ.

ಹೆಜ್ಜೆ 4: ನಿಮ್ಮ ಸಂಪರ್ಕವನ್ನು ಅಳೆಯಿರಿ

ಇಂಟರ್ನೆಟ್ ಕಂಪನಿಗಳು ಜಾಹೀರಾತಿನಲ್ಲಿ ಹೇಳುವುದು ಡೌನ್‌ಲೋಡ್ ವೇಗವನ್ನು. ವಿಡಿಯೋ ಕರೆಯಲ್ಲಿ ನಿಮ್ಮ ಮುಖ ಎದುರಿನವರಿಗೆ ಹೇಗೆ ಕಾಣುತ್ತದೆ ಎಂಬುದು ಅಪ್‌ಲೋಡ್ ವೇಗದ ಮೇಲೆ ನಿಂತಿದೆ. ವೇಗ ಪರೀಕ್ಷೆಯ ಯಾವುದಾದರೂ ತಾಣವನ್ನು ತೆರೆದು, ಮೀಟಿಂಗ್ ನಡೆಯುವ ಹೊತ್ತಿನಲ್ಲೇ, ಮೀಟಿಂಗ್‌ಗೆ ಕೂರುವ ಜಾಗದಲ್ಲೇ ಪರೀಕ್ಷಿಸಿ. ಬೆಳಗಿನ ಆರು ಗಂಟೆಗೆ ರೌಟರ್ ಪಕ್ಕದಲ್ಲಿ ಬಂದ ಅಂಕಿ ರಾತ್ರಿ ಎಂಟಕ್ಕೆ ಒಳಕೋಣೆಯಲ್ಲಿ ಬರುವುದಿಲ್ಲ.

ಇಬ್ಬರ ಕರೆಯಲ್ಲಿ ಚೆನ್ನಾದ ಚಿತ್ರಕ್ಕೆ ಎರಡೂ ದಿಕ್ಕಿನಲ್ಲಿ 600 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್), 720ಪಿ ಸ್ಪಷ್ಟತೆಗೆ 1.2 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ದಶಲಕ್ಷ ಬಿಟ್) ಬೇಕೆಂಬುದು ಜೂಮ್ ಕೊಡುವ ಅಳತೆ. ಧ್ವನಿ ಮಾತ್ರವಾದರೆ 60ರಿಂದ 80 ಕೆಬಿಪಿಎಸ್ ಸಾಕು. ಮೊಬೈಲ್ ಡೇಟಾ ಬಳಸುವವರು ಇದನ್ನು ಹೀಗೆ ಲೆಕ್ಕ ಹಾಕಬಹುದು: 1.2 ಎಂಬಿಪಿಎಸ್ ಹೋಗುವುದು ಮತ್ತು ಅಷ್ಟೇ ಬರುವುದು ಸೇರಿ ಒಂದು ಗಂಟೆಗೆ 1 ಜಿಬಿಗಿಂತ ಸ್ವಲ್ಪ ಹೆಚ್ಚು ಡೇಟಾ ಖರ್ಚಾಗುತ್ತದೆ. 600 ಕೆಬಿಪಿಎಸ್ ಆದರೆ ಅದರ ಅರ್ಧ. ಕ್ಯಾಮೆರಾಗಳನ್ನು ಬಂದ್ ಮಾಡಿ ಬರೀ ಮಾತಾಡಿದರೆ ಸುಮಾರು 70 ಎಂಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇರುವ ಮನೆಯಲ್ಲಿ 720ಪಿ ಸ್ಪಷ್ಟತೆಯ ಒಂದೂವರೆ ಗಂಟೆಯ ಕರೆ ಪ್ಯಾಕನ್ನು ಖಾಲಿ ಮಾಡಿಬಿಡುತ್ತದೆ. ಪ್ಯಾಕ್ ಮುಗಿದ ಮೇಲೆ ಅನೇಕ ಯೋಜನೆಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುವುದರಿಂದ, ಆಮೇಲೆ ಧ್ವನಿಯೂ ತೊದಲುತ್ತದೆ. ಇಂಥವರ ಫೋನಿನಲ್ಲಿ ಆ್ಯಪ್‌ನ ಡೇಟಾ ಉಳಿಸುವ ಆಯ್ಕೆಯನ್ನು ಮೊದಲೇ ಚಾಲೂ ಮಾಡಿಕೊಡಿ.

ಮಲೆನಾಡಿನಲ್ಲಿ ಮಳೆಗಾಲದ ಪ್ರಶ್ನೆಯೇ ಬೇರೆ. ಅಲ್ಲಿ ಕರೆ ಕಡಿಯುವುದು ಹೆಚ್ಚಾಗಿ ಕರೆಂಟ್ ಹೋಗುವುದರಿಂದ. ಫೈಬರ್ ಸಂಪರ್ಕ ಜೀವಂತವಿದ್ದರೂ ಮನೆಯ ಮೋಡೆಮ್ ಸತ್ತಿರುತ್ತದೆ. ಫೈಬರ್ ಮೋಡೆಮ್ ಮತ್ತು ರೌಟರ್‌ಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಕೊಂಡುಕೊಳ್ಳುವುದು, ದುಬಾರಿ ಯೋಜನೆಗೆ ಬದಲಾಗುವುದಕ್ಕಿಂತ ಹೆಚ್ಚು ಉಪಯುಕ್ತ. ಮೋಡೆಮ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಕೊಳ್ಳಿ. ಲ್ಯಾಪ್‌ಟಾಪ್ ಬಳಸುವವರು ಸಾಧ್ಯವಾದರೆ ವೈಫೈ ಬಿಟ್ಟು ರೌಟರ್‌ನಿಂದ ನೇರ ಕೇಬಲ್ ಎಳೆದುಕೊಳ್ಳಲಿ.

ಹೆಜ್ಜೆ 5: ಬಾಗಿಲು ಯಾರ ಕೈಯಲ್ಲಿದೆ ಎಂದು ಪರಿಶೀಲಿಸಿ

2023ರ ಡಿಸೆಂಬರ್ ಮೊದಲ ವಾರದಲ್ಲಿ, ಕರ್ನಾಟಕ ಹೈಕೋರ್ಟಿನ ಆನ್‌ಲೈನ್ ಕಲಾಪಕ್ಕೆ ನುಸುಳಿದ ಕಿಡಿಗೇಡಿಗಳು ಅಶ್ಲೀಲ ದೃಶ್ಯಗಳನ್ನು ಪ್ರದರ್ಶಿಸಿದ್ದರಿಂದ, ನ್ಯಾಯಾಲಯವು ವಿಡಿಯೋ ಕಾನ್ಫರೆನ್ಸ್ ಮತ್ತು ನೇರಪ್ರಸಾರದ ವ್ಯವಸ್ಥೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಲಿಂಕ್ ಎಲ್ಲರಿಗೂ ಸಿಗುವಂತಿದ್ದಾಗ ಇಂಥದ್ದು ಎಲ್ಲಿಯೂ ನಡೆಯಬಹುದು. ಪಾಠ ಹೇಳುವವರು, ಸಂಘಗಳ ಸಭೆ ನಡೆಸುವವರು ಮೂರು ಸೆಟ್ಟಿಂಗ್‌ಗಳನ್ನು ತಪ್ಪದೆ ನೋಡಬೇಕು: ಬಂದವರನ್ನು ಹೊರಗೇ ನಿಲ್ಲಿಸಿ ಒಬ್ಬೊಬ್ಬರನ್ನೇ ಬಿಟ್ಟುಕೊಳ್ಳುವ ವೇಟಿಂಗ್ ರೂಮ್, ಹೋಸ್ಟ್ (ಸಭೆ ನಡೆಸುವವರು) ಮಾತ್ರ ಸ್ಕ್ರೀನ್ ಶೇರ್ ಮಾಡಬಹುದಾದ ನಿರ್ಬಂಧ, ಮತ್ತು ಎಲ್ಲರೂ ಬಂದಮೇಲೆ ಮೀಟಿಂಗ್‌ಗೆ ಬೀಗ ಹಾಕುವುದು. ಜೂಮ್ ಬಳಸುವವರು ಸದಾ ಒಂದೇ ಆಗಿರುವ ತಮ್ಮ ವೈಯಕ್ತಿಕ ಮೀಟಿಂಗ್ ಸಂಖ್ಯೆಯನ್ನು ಹೊರಗಿನವರಿಗೆ ಕೊಡದೆ, ಪ್ರತಿ ಸಭೆಗೂ ಹೊಸ ಲಿಂಕ್ ಮಾಡಿಕೊಳ್ಳಬೇಕು.

ಗೋಪ್ಯತೆಯ ಕುರಿತ ಜಾಹೀರಾತಿನ ಮಾತುಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಎಂದರೆ ಮಾತಾಡುವವರ ಸಾಧನಗಳ ಹೊರತು ನಡುವಿನ ಕಂಪನಿಗೂ ಕರೆಯನ್ನು ಬಿಡಿಸಿ ನೋಡಲಾಗದ ವ್ಯವಸ್ಥೆ. ಕರೆಯನ್ನು ಬಿಡಿಸುವ ಕೀಲಿಗಳು ತನ್ನ ಬಳಿಯೇ ಇದ್ದಾಗಲೂ ಇಂಥ ರಕ್ಷಣೆ ಇದೆಯೆಂದು ಹೇಳಿಕೊಂಡಿತ್ತೆಂಬ ಆರೋಪದ ಮೇಲೆ ಜೂಮ್, 2020ರ ನವೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಗೃಹ ಸಚಿವಾಲಯವೂ ಅದು ಸುರಕ್ಷಿತ ವೇದಿಕೆಯಲ್ಲವೆಂದು ಸೂಚನೆ ಹೊರಡಿಸಿತ್ತು. ಆಮೇಲೆ ಜೂಮ್ ನಿಜವಾದ ಎಂಡ್-ಟು-ಎಂಡ್ ಆಯ್ಕೆಯನ್ನು ತಂದಿದೆ, ಆದರೆ ಅದನ್ನು ನೀವೇ ಚಾಲೂ ಮಾಡಬೇಕು, ಮಾಡಿದರೆ ಕಂಪನಿಯ ಸರ್ವರ್‌ನಲ್ಲಿ ಉಳಿಯುವ ಕ್ಲೌಡ್ ರೆಕಾರ್ಡಿಂಗ್‌ನಂಥ ಕೆಲವು ಸೌಲಭ್ಯಗಳು ಸಿಗುವುದಿಲ್ಲ. ವಾಟ್ಸಾಪ್ ಮತ್ತು ಫೇಸ್‌ಟೈಮ್ ಕರೆಗಳಿಗೆ ಈ ರಕ್ಷಣೆ ತಾನಾಗಿಯೇ ಇರುತ್ತದೆ. ಹಾಗೆಂದು ವಾಟ್ಸಾಪ್ ಎಲ್ಲ ವ್ಯವಹಾರಕ್ಕೂ ತಕ್ಕದ್ದಲ್ಲ: ಅದರ ಗುಂಪು ಕರೆಗೆ ಬಂದ ಗ್ರಾಹಕರಿಗೆ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಗೊತ್ತಾಗುತ್ತದೆ, ನಿಮ್ಮ ಸ್ವಂತ ನಂಬರ್ ಎಲ್ಲರ ಬಳಿಯೂ ಉಳಿಯುತ್ತದೆ.

ಹಿರಿಯರಿಗೆ ಹೇಳಿಕೊಡುವಾಗ ಎರಡು ಮಾತುಗಳನ್ನು ಸೇರಿಸಿ ಹೇಳಿ. ಪೊಲೀಸರೋ ಸಿಬಿಐನವರೋ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ. ಹಾಗೆಯೇ, ಗುರುತಿಲ್ಲದವರು ಕರೆಯ ನಡುವೆ ಸ್ಕ್ರೀನ್ ಶೇರ್ ಮಾಡಲು ಹೇಳಿದರೆ ಮಾಡಬಾರದು, ಏಕೆಂದರೆ ಆಗ ಬಂದ ಒಟಿಪಿ ಅವರ ಕಣ್ಣಿಗೂ ಬೀಳುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹೆಜ್ಜೆ 6: ಹಣ ಕೊಡುವ ಮುನ್ನ ಈಗಾಗಲೇ ಏನನ್ನು ಕೊಂಡಿದ್ದೀರಿ ನೋಡಿ

ಸಣ್ಣ ಕಚೇರಿಗಳಲ್ಲಿ ದುಡ್ಡು ಪೋಲಾಗುವುದು ಇಲ್ಲಿಯೇ. ಕಂಪನಿಯ ಹೆಸರಿನ ಇಮೇಲ್‌ಗಾಗಿ ಗೂಗಲ್ ವರ್ಕ್‌ಸ್ಪೇಸ್ ಕೊಂಡಿದ್ದರೆ ಮೀಟ್‌ನ ಹೆಚ್ಚಿನ ಕಾಲಮಿತಿ ಅದರಲ್ಲೇ ಸೇರಿದೆ; ಮೈಕ್ರೋಸಾಫ್ಟ್ 365ರ ವ್ಯವಹಾರ ಯೋಜನೆಗಳು ಟೀಮ್ಸ್ ಇರುವ ಮತ್ತು ಇಲ್ಲದ ಎರಡೂ ಬಗೆಯಲ್ಲಿ ಮಾರಾಟವಾಗುವುದರಿಂದ ನಿಮ್ಮದು ಯಾವುದೆಂದು ಬಿಲ್ ನೋಡಿ ತಿಳಿದುಕೊಳ್ಳಿ. ಇದನ್ನು ಗಮನಿಸದೆ ಇನ್ನೊಂದು ಕಡೆ ಜೂಮ್‌ಗೂ ತಿಂಗಳ ಶುಲ್ಕ ಕಟ್ಟುತ್ತಿರುವ ಕಚೇರಿಗಳು ಕಡಿಮೆಯೇನಿಲ್ಲ. ಜೋಹೋದ ಲೆಕ್ಕಪತ್ರ ಅಥವಾ ಇಮೇಲ್ ಸೇವೆ ಬಳಸುವವರು, ಚೆನ್ನೈ ಮೂಲದ ಅದೇ ಕಂಪನಿಯ ಮೀಟಿಂಗ್ ಸೇವೆಯನ್ನು ಮೊದಲು ನೋಡುವುದು ಸಹಜ.

ಲೈಸೆನ್ಸ್ ಬೇಕಾಗುವುದು ಮೀಟಿಂಗ್ ನಡೆಸುವವರಿಗೆ, ಸೇರುವವರಿಗಲ್ಲ. ಆರು ಜನರ ಕಚೇರಿಯಲ್ಲಿ ಹೊರಗಿನವರೊಡನೆ ಸಭೆ ಕರೆಯುವವರು ಇಬ್ಬರೇ ಆಗಿದ್ದರೆ ಎರಡೇ ಲೈಸೆನ್ಸ್ ಸಾಕು. ಜೂಮ್‌ನ ಪ್ರೊ ಯೋಜನೆಯಲ್ಲಿ ಒಂದು ಮೀಟಿಂಗ್ 30 ಗಂಟೆಯವರೆಗೆ ನಡೆಯಬಹುದು. ಟೀಮ್ಸ್ ಎಸೆನ್ಶಿಯಲ್ಸ್‌ನಲ್ಲಿ 30 ಗಂಟೆ, 300 ಮಂದಿ. ರೆಕಾರ್ಡಿಂಗ್ ಬೇಕಿದ್ದರೆ ವಿಶೇಷವಾಗಿ ಗಮನಿಸಿ: ಜೂಮ್‌ನ ಉಚಿತ ಯೋಜನೆ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತದೆ, ಫೋನಿನಿಂದ ಬಿಡುವುದಿಲ್ಲ, ಗೂಗಲ್ ಮೀಟ್‌ನ ಉಚಿತ ಸೇವೆಯಲ್ಲೂ, ವರ್ಕ್‌ಸ್ಪೇಸ್‌ನ ಕೆಳಗಿನ ಯೋಜನೆಯಾದ ಬಿಸಿನೆಸ್ ಸ್ಟಾರ್ಟರ್‌ನಲ್ಲೂ ರೆಕಾರ್ಡಿಂಗ್ ಇಲ್ಲ, ಬಿಸಿನೆಸ್ ಸ್ಟ್ಯಾಂಡರ್ಡ್‌ನಿಂದ ಮೇಲಕ್ಕೆ ಇದೆ. ರೆಕಾರ್ಡ್ ಮಾಡುವ ಮುನ್ನ ಎಲ್ಲರ ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ರೆಕಾರ್ಡಿಂಗ್‌ನ ಮೊದಲಲ್ಲಿ ಕೇಳಿಸುವಂತೆ ಮಾಡಿ.

ಬೆಲೆಪಟ್ಟಿಯಲ್ಲಿ ಕಾಣುವ ಮೊತ್ತಕ್ಕೆ ಸಾಮಾನ್ಯವಾಗಿ ಶೇ. 18 ಜಿಎಸ್‌ಟಿ ಸೇರಬೇಕಿರುತ್ತದೆ. ಖಾತೆ ತೆರೆಯುವಾಗಲೇ ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿ, ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯುವ ಬಗೆಯನ್ನು ನಿಮ್ಮ ಆಡಿಟರ್ ಬಳಿ ಕೇಳಿಕೊಳ್ಳಿ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ಅಗ್ಗವಾಗುತ್ತದೆ ನಿಜ, ಆದರೂ ಮೊದಲ ಎರಡು-ಮೂರು ತಿಂಗಳು ತಿಂಗಳಿಗೊಮ್ಮೆ ಕಟ್ಟುವುದೇ ಸರಿ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಇಂಥ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ 24 ಗಂಟೆ ಮೊದಲು ಸೂಚನೆ ಬರುತ್ತದೆ, 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಬಾರಿ ಒಟಿಪಿ ಕೇಳುವುದಿಲ್ಲ. ಆ ಸೂಚನೆಯ ಎಸ್ಎಂಎಸ್ ನೋಡುವವರು ಯಾರು ಎಂಬುದನ್ನು ಕಚೇರಿಯಲ್ಲಿ ಗೊತ್ತುಮಾಡಿಡಿ. ಬಳಸದೇ ಬಿಟ್ಟ ಸೇವೆಗೆ ವರ್ಷಗಟ್ಟಲೆ ಹಣ ಹೋಗುವುದು ಹೀಗೆಯೇ.

ಹೆಜ್ಜೆ 7: ಇಬ್ಬರೊಡನೆ ಪರೀಕ್ಷಿಸಿ

ಇಷ್ಟರಲ್ಲಿ ಪಟ್ಟಿಯಲ್ಲಿ ಎರಡು ಸೇವೆಗಳು ಉಳಿದಿರುತ್ತವೆ. ಒಂದನೆಯ ಹೆಜ್ಜೆಯ ಹಾಳೆಯಲ್ಲಿ ಅತಿ ಹೆಚ್ಚು ತೊಡಕಿರುವವರು ಎಂದು ಕಂಡುಬಂದ ಇಬ್ಬರನ್ನು ಆರಿಸಿ, ಪಕ್ಕದಲ್ಲಿ ಯಾರೂ ಸಹಾಯಕ್ಕೆ ಇಲ್ಲದಂತೆ ನೋಡಿಕೊಂಡು, ಎರಡೂ ಸೇವೆಗಳಲ್ಲಿ ಒಂದೊಂದು ಕರೆ ಮಾಡಿ. ಲಿಂಕ್ ಒತ್ತಿದಾಗಿನಿಂದ ಅವರ ದನಿ ಕೇಳುವವರೆಗೆ ಎಷ್ಟು ಹೊತ್ತಾಯಿತು, ಎಲ್ಲಿ ತಡವರಿಸಿದರು, ಮೈಕ್ ಅನುಮತಿಯ ಪ್ರಶ್ನೆಗೆ 'ಬೇಡ' ಎಂದು ಒತ್ತಿಬಿಟ್ಟರೇ ಎಂಬುದನ್ನು ಗಮನಿಸಿ. ಒಮ್ಮೆ ಬೇಡ ಎಂದರೆ ಫೋನಿನ ಸೆಟ್ಟಿಂಗ್ಸ್ ಒಳಗೆ ಹೋಗಿ ಅನುಮತಿ ಕೊಡುವವರೆಗೂ ಅವರ ದನಿ ಕೇಳದು, ಮತ್ತು 'ನೀವು ಮ್ಯೂಟ್‌ನಲ್ಲಿದ್ದೀರಿ' ಎಂದು ಎಷ್ಟು ಕೂಗಿದರೂ ಪ್ರಯೋಜನವಿಲ್ಲ.

ಕಚೇರಿಯವರು ಸ್ಕ್ರೀನ್ ಶೇರ್ ಮಾಡಿ ಒಂದು ಕನ್ನಡ ಕಡತವನ್ನು ತೋರಿಸಲಿ. ಕನ್ನಡದ ಒತ್ತಕ್ಷರಗಳು ಇಂಗ್ಲಿಷ್ ಅಕ್ಷರಗಳಿಗಿಂತ ಬೇಗ ಮಸುಕಾಗುವುದರಿಂದ, ಆರು ಇಂಚಿನ ಫೋನಿನಲ್ಲಿ ನೋಡುವವರಿಗೆ ಓದಲು ಬರುತ್ತದೆಯೇ ಎಂದು ಕೇಳಿ, ಕಡತವನ್ನು ಶೇ. 150ರಷ್ಟು ಹಿಗ್ಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯುನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಚಾಟ್‌ಗೆ ಹಾಕಿದರೆ ಎದುರಿನವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅಂಥ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ ಹಾಕಬೇಕು, ಇಲ್ಲವೇ ಪಿಡಿಎಫ್ ಮಾಡಿ ಕಳುಹಿಸಬೇಕು. ಇದು ಯಾವ ಸೇವೆಯ ದೋಷವೂ ಅಲ್ಲ.

ನನ್ನನ್ನು ಕೇಳಿದರೆ, ಭಾರತದೊಳಗಿನ ಕುಟುಂಬಕ್ಕೆ ವಾಟ್ಸಾಪ್ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ. ಒಬ್ಬರೇ ನಡೆಸುವ ವೃತ್ತಿಗೆ ಗೂಗಲ್ ಮೀಟ್, ಸಂಗೀತ ಪಾಠಕ್ಕೆ ಜೂಮ್, ಈಗಾಗಲೇ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365 ಇರುವ ಕಚೇರಿಗೆ ಅದರೊಡನೆ ಬಂದದ್ದೇ ಸಾಕು. ಗಲ್ಫ್ ಅಥವಾ ಚೀನಾದವರು ಪಟ್ಟಿಯಲ್ಲಿದ್ದರೆ ಉಳಿದ ಎಲ್ಲ ವಾದಗಳನ್ನು ಪಕ್ಕಕ್ಕಿಟ್ಟು ಅಲ್ಲಿ ನಡೆಯುವುದನ್ನೇ ಆರಿಸಬೇಕು.

ಹೆಜ್ಜೆ 8: ಆಹ್ವಾನವನ್ನು ಸರಿಯಾಗಿ ಬರೆಯಿರಿ

ಆಯ್ಕೆಯಾದ ಮೇಲೆ ಉಳಿಯುವುದು ಆಹ್ವಾನ. ಸೇವೆಗಳು ತಾವಾಗಿ ತಯಾರಿಸಿಕೊಡುವ ಇಂಗ್ಲಿಷ್ ಆಹ್ವಾನದಲ್ಲಿ ಸಂಖ್ಯೆಗಳೇ ತುಂಬಿರುವುದರಿಂದ ಎಲ್ಲಿ ಒತ್ತಬೇಕೆಂಬುದು ಎಷ್ಟೋ ಜನರಿಗೆ ತೋಚುವುದಿಲ್ಲ. ಲಿಂಕನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನೀವೇ ಬರೆಯಿರಿ. ಅಮೆರಿಕದವರಿದ್ದರೆ ಅಲ್ಲಿಯ ಸಮಯವನ್ನೂ ಬರೆಯಬೇಕು. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೂ ಇಡುವುದರಿಂದ, ನಮ್ಮ ರಾತ್ರಿ 8 ಗಂಟೆ ನ್ಯೂಜೆರ್ಸಿಯವರಿಗೆ ಬೇಸಿಗೆಯಲ್ಲಿ ಬೆಳಗಿನ 10.30, ಚಳಿಗಾಲದಲ್ಲಿ 9.30 ಆಗುತ್ತದೆ. ವಾರವಾರವೂ ನಡೆಯುವ ಪಾಠಗಳನ್ನು ಕ್ಯಾಲೆಂಡರ್‌ನಲ್ಲಿ ಹಾಕಿ ಆಹ್ವಾನ ಕಳುಹಿಸಿದರೆ ಅವರವರ ಸಮಯ ತಾನಾಗಿ ಸರಿಹೊಂದುತ್ತದೆ.

ವಾಟ್ಸಾಪ್‌ನಲ್ಲಿ ಕಳುಹಿಸುವ ಸಂದೇಶ ಹೀಗಿದ್ದರೆ ಸಾಕು: "ನಮಸ್ಕಾರ. ಶನಿವಾರ ರಾತ್ರಿ 8 ಗಂಟೆಗೆ (ಭಾರತದ ಸಮಯ) ಮಾತಾಡೋಣ. 7.50ಕ್ಕೆ ಕೆಳಗಿನ ನೀಲಿ ಲಿಂಕ್ ಒತ್ತಿ. ಮೈಕ್ ಮತ್ತು ಕ್ಯಾಮೆರಾ ಕೇಳಿದರೆ 'ಅಲೋ' ಒತ್ತಿ. ನಿಮ್ಮ ಹೆಸರು ಬರೆದು ಕಾಯಿರಿ, ನಾನು ಒಳಗೆ ಕರೆದುಕೊಳ್ಳುತ್ತೇನೆ. ಆಗದಿದ್ದರೆ ಇದೇ ನಂಬರಿಗೆ ಫೋನ್ ಮಾಡಿ." ಕೊನೆಯ ವಾಕ್ಯವನ್ನು ಬಿಡಬೇಡಿ, ಮತ್ತು ಮೀಟಿಂಗ್ ಆರಂಭವಾಗುವ ಮುಂಚಿನ ಹತ್ತು ನಿಮಿಷ ಆ ಫೋನನ್ನು ಸೈಲೆಂಟ್‌ನಲ್ಲಿ ಇಡಬೇಡಿ.